ಎರಡು ಸಬ್‌ವೂಫರ್ ಹಾಕೋದು ಹೆಂಗೆ? ವೈರಿಂಗ್ ಹತ್ತು ನಿಮಿಷ, ಜಾಗ ಹುಡುಕೋಕೆ ಒಂದು ಮಧ್ಯಾಹ್ನ

ಹೋದ ಬೇಸಿಗೆಯಲ್ಲಿ ದಾವಣಗೆರೆ ವಿನೋಬನಗರದಲ್ಲಿ ನಮ್ಮ ಮಾವನ ಮನೆಗೆ ಹೋಗಿದ್ದೆ. ಟಿವಿ ಶೋಕೇಸಿನ ಎಡಕ್ಕೊಂದು ಬಲಕ್ಕೊಂದು ಸಬ್‌ವೂಫರ್ (ಬೇಸ್‌ಗೆ ಅಂತಲೇ ಇರೋ ಸ್ಪೀಕರ್ ಡಬ್ಬ, ಚಿಕ್ಕದಾಗಿ ಸಬ್), ಎರಡೂ ಹೊಸದು. ಮಾವ ನಡುಮಧ್ಯ ಸೋಫಾದಲ್ಲಿ ಕೂತು "ಏನಪ್ಪಾ ಇದು, ಇನ್ನೊಂದು ತಂದ್ರೂ ಬೇಸೇ ಬರ್ತಿಲ್ಲ" ಅಂತಾರೆ, ಹಿಂದಿನ ಗೋಡೆಗೆ ಹಾಕಿದ ದಿವಾನ್ ಮೇಲೆ ಕೂತಿದ್ದ ಅಜ್ಜಿ "ಎದಿ ದಡದಡ ಅಂತೈತಿ, ಕಮ್ಮಿ ಮಾಡ್ರೋ" ಅಂತಾರೆ. ಇಬ್ರು ಹೇಳಿದ್ದೂ ನಿಜ. ಆಮೇಲೆ ಇನ್ನೂ ಮೂರ್ನಾಲ್ಕು ಮನೆಯಲ್ಲಿ ಇದೇ ಕಥೆ ನೋಡಿದೆ, ಅದಕ್ಕೇ ಬರೀತಾ ಇದೀನಿ.

ಎರಡನೇ ಸಬ್ ಹಾಕೋದು ಡಬಲ್ ಸೌಂಡಿಗಲ್ಲ. ಹಾಲ್‌ನಲ್ಲಿ ಯಾರು ಎಲ್ಲಿ ಕೂತ್ರೂ ಬೇಸ್ ಹೆಚ್ಚುಕಮ್ಮಿ ಒಂದೇ ಸಮ ಕೇಳ್ಬೇಕು, ಅದಕ್ಕೆ. ಇದೊಂದು ತಲೆಯಲ್ಲಿದ್ರೆ ಮುಂದಿಂದೆಲ್ಲ ಸರಿ ಹೋಗುತ್ತೆ.

ಮೊದಲು ವೈರಿಂಗ್. ರಿಸೀವರ್ (ಎಲ್ಲಾ ಸ್ಪೀಕರ್‌ಗೂ ಸೌಂಡ್ ಹಂಚೋ ಆಂಪ್ಲಿಫೈಯರ್ ಪೆಟ್ಟಿಗೆ) ಹಿಂದೆ ಸಬ್ ಪ್ರಿ-ಔಟ್, ಅಂದ್ರೆ ಸಬ್‌ಗೆ ಸಿಗ್ನಲ್ ಕಳಿಸೋ ತೂತು, ಎರಡಿದ್ರೆ ಒಂದೊಂದಕ್ಕೆ ಒಂದೊಂದು ಆರ್‌ಸಿಎ ಕೇಬಲ್ (ನಡುವೆ ಒಂದು ಪಿನ್ ಇರೋ ಆಡಿಯೋ ಕೇಬಲ್) ಹಾಕ್ರಿ. ಒಂದೇ ಇದ್ರೆ ಒಂದನ್ನ ಎರಡು ಮಾಡೋ ವೈ ಸ್ಪ್ಲಿಟರ್ ಹಾಕಿ, ಸಿಗ್ನಲ್ ಅರ್ಧ ಆಗೋದಿಲ್ಲ, ಹೆದರ್ಬೇಡಿ. ಸಬ್ ಹಿಂದೆ ಎಲ್‌ಎಫ್‌ಇ (ಸಿನಿಮಾದ ಬೇಸ್‌ಗೆ ಅಂತಲೇ ಇರೋ ಟ್ರ್ಯಾಕ್) ಅಂತ ಬರೆದಿರೋ ಇನ್‌ಪುಟ್‌ಗೆ ಚುಚ್ಚಿ, ಅದಿಲ್ಲ ಅಂದ್ರೆ ಎಡಗಡೆದಕ್ಕೆ. ಮೊದಲನೇ ಸಬ್‌ನ ಲೈನ್ ಔಟ್‌ನಿಂದ ಎರಡನೇದಕ್ಕೆ ಎಳೆಯೋ ಶಾರ್ಟ್‌ಕಟ್ ಬೇಡ, ಎಷ್ಟೋ ಸಬ್‌ಗಳಲ್ಲಿ ಆ ಔಟ್‌ನಲ್ಲಿ ಕೆಳಗಿನ ಬೇಸ್ ಕತ್ತರಿಸಿಯೇ ಹೊರಗೆ ಬಿಟ್ಟಿರ್ತಾರೆ. ಇನ್ನೊಂದು, ಕರೆಂಟ್ ಪಿನ್ನೇ ಇಲ್ಲದ, ಹಿಂದೆ ಬರೀ ಕೆಂಪು ಕಪ್ಪು ಟರ್ಮಿನಲ್ ಇರೋ ಅಸೆಂಬಲ್ ಬೇಸ್ ಬಾಕ್ಸ್ ಪ್ರಿ-ಔಟ್‌ಗೆ ನಡೆಯಲ್ಲ, ಅದಕ್ಕೆ ಬೇರೆ ಆಂಪ್ಲಿಫೈಯರ್ ಬೇಕು.

ಕೇಬಲ್‌ಗೆ ಸಾವಿರಾರು ರೂಪಾಯಿ ಸುರೀಬೇಡಿ. ಡಿಶ್‌ಗೆ ಹಾಕೋ ಆರ್‌ಜಿ6 ಕೇಬಲ್‌ಗೆ ಎರಡೂ ತುದಿಗೆ ಆರ್‌ಸಿಎ ಪಿನ್ ಹಾಕಿಸ್ಕೊಂಡ್ರೆ ಹತ್ತು ಮೀಟರ್ ಎಳೆದ್ರೂ ಏನೂ ಆಗಲ್ಲ. ಹಳೇ ಡಿವಿಡಿ ಪ್ಲೇಯರ್ ಜೊತೆ ಬಂದಿದ್ದ ತೆಳ್ಳನೆ ಕೆಂಪು-ಬಿಳಿ ವೈರ್ ಮಾತ್ರ ಬೇಡವೇ ಬೇಡ, ಅದಕ್ಕೆ ಶೀಲ್ಡಿಂಗ್ (ಹೊರಗಿನ ಕರೆಂಟ್ ಗದ್ದಲ ತಡೆಯೋ ಹೊದಿಕೆ) ಸರಿಯಾಗಿ ಇರಲ್ಲ, ಗುಂಯ್ ಅನ್ನುತ್ತೆ. ಒಳ್ಳೆ ಕೇಬಲ್ ಹಾಕಿದ ಮೇಲೂ ಗುಂಯ್ ಅಂದ್ರೆ ಅದು 50 ಹರ್ಟ್ಜ್ ಕರೆಂಟಿನ ಹಮ್, ಎರಡು ಸಬ್ಬೂ ರಿಸೀವರ್ರೂ ಬೇರೆ ಬೇರೆ ಕಡೆ ಪ್ಲಗ್ ಆಗಿದ್ರೆ ಹಂಗಾಗುತ್ತೆ, ಮೂರನ್ನೂ ಒಂದೇ ಸ್ವಿಚ್‌ಬೋರ್ಡಿಂದ ಎಳೆದು ನೋಡ್ರಿ. ಕೆಲವರು ಹಮ್ ಹೋಗುತ್ತೆ ಅಂತ ಅರ್ಥಿಂಗ್ ಪಿನ್ನೇ ಕಿತ್ತು ಹಾಕ್ತಾರೆ. ದಯವಿಟ್ಟು ಹಂಗೆ ಮಾಡ್ಬೇಡಿ, ಮನೆಯಲ್ಲಿ ಮಕ್ಕಳು ಇರ್ತಾರೆ, ಜೀವಕ್ಕೇ ಅಪಾಯ.

ಇನ್ನು ಜಾಗ. ಎಲ್ಲರೂ ಎಡವೋದು ಇಲ್ಲೇ. ಮಾವನ ಹಾಲ್ ಟಿವಿ ಗೋಡೆಯಿಂದ ಹಿಂದಿನ ಗೋಡೆವರೆಗೆ 15 ಅಡಿ. ಅಷ್ಟು ಉದ್ದಕ್ಕೆ ಸುಮಾರು 38 ಹರ್ಟ್ಜ್ ಹತ್ರದ ಬೇಸ್ ಎರಡು ಗೋಡೆ ನಡುವೆ ಅಲೆಯಾಗಿ ಸಿಕ್ಕಿಹಾಕ್ಕೊಂಡು ಬಿಡುತ್ತೆ, ಗೋಡೆ ಪಕ್ಕ ಜೋರು, ನಟ್ಟನಡುವೆ ಹೆಚ್ಚುಕಮ್ಮಿ ಖಾಲಿ. ಸೋಫಾ ಇದ್ದಿದ್ದು ಸರಿಯಾಗಿ ಆ ಖಾಲಿ ಜಾಗದಲ್ಲಿ, ಅಜ್ಜಿ ಇದ್ದಿದ್ದು ಗೋಡೆ ಪಕ್ಕ. ಎರಡು ಸಬ್ಬನ್ನೂ ಒಂದೇ ಗೋಡೆಗಿಟ್ರೆ ಇದು ಕಮ್ಮಿ ಆಗೋದೇ ಇಲ್ಲ. ಒಂದನ್ನ ಟಿವಿ ಗೋಡೆ ಮಧ್ಯಕ್ಕೆ, ಇನ್ನೊಂದನ್ನ ಎದುರು ಗೋಡೆ ಮಧ್ಯಕ್ಕೆ ಇಟ್ರೆ ಒಂದು ಎಬ್ಬಿಸಿದ ಅಲೆನ ಇನ್ನೊಂದು ಅಡಗಿಸುತ್ತೆ. ನಾವೂ ಅದನ್ನೇ ಮಾಡಿದ್ವಿ, ಬಲಗಡೆ ಸಬ್ ಎತ್ತಿ ದಿವಾನ್ ಪಕ್ಕ ಇಟ್ವಿ, ಅವತ್ತು ಸಂಜೆ ಅಜ್ಜಿ ಎದ್ದು ಹೋಗದೆ ಪೂರ್ತಿ ಸಿನಿಮಾ ನೋಡಿದ್ರು. ಎದುರು ಗೋಡೆಯಲ್ಲಿ ಬಾಗಿಲಿದ್ರೆ ಎದುರುಬದುರು ಮೂಲೆ ಆದ್ರೂ ಆಗುತ್ತೆ. ಶೋಕೇಸ್ ಖಾನೆಯೊಳಗೆ ಮಾತ್ರ ತುರುಕಬೇಡಿ.

ಅದಾದ್ಮೇಲೆ ಎರಡನ್ನೂ ಸಮ ಮಾಡ್ಬೇಕು. ಸಬ್ ಹಿಂದಿನ ಕ್ರಾಸ್‌ಓವರ್ ನಾಬ್ (ಯಾವ ಹರ್ಟ್ಜ್‌ವರೆಗಿನ ಸೌಂಡ್ ಸಬ್‌ಗೆ ಅಂತ ಕತ್ತರಿಸೋದು) ಪೂರ್ತಿ ಮೇಲಕ್ಕೆ ತಿರುಗಿಸಿ ಬಿಟ್ಬಿಡಿ, ಆ ಕೆಲಸ ರಿಸೀವರ್ ಮಾಡುತ್ತೆ, ಎರಡೂ ಕಡೆ ಕತ್ತರಿಸಿದ್ರೆ ಸಬ್ಬಿಗೂ ಸ್ಪೀಕರ್‌ಗೂ ನಡುವಿನ ಸೌಂಡ್ ಕುಗ್ಗಿಬಿಡುತ್ತೆ. ಗೇನ್, ಅಂದ್ರೆ ಸಬ್‌ನ ವಾಲ್ಯೂಮ್ ನಾಬ್, ಅರ್ಧಕ್ಕಿಂತ ಸ್ವಲ್ಪ ಕೆಳಗೆ. ಈಗ ಫೋನ್‌ನಲ್ಲಿ ಸೌಂಡ್ ಮೀಟರ್ ಆಪ್ ಹಾಕ್ಕೊಂಡು ಸಿ ವೇಟಿಂಗ್ (ಬೇಸನ್ನೂ ಲೆಕ್ಕಕ್ಕೆ ತಗೊಳ್ಳೋ ಅಳತೆ) ಆರಿಸಿ, ನೀವು ಕೂರೋ ಜಾಗದಲ್ಲಿ ಕಿವಿ ಎತ್ತರಕ್ಕೆ ಹಿಡ್ಕೊಳ್ಳಿ. ಒಂದು ಸಬ್ ಆಫ್ ಮಾಡಿ ರಿಸೀವರ್‌ನ ಟೆಸ್ಟ್ ಟೋನ್ ಹಾಕಿ, 70 ಡೆಸಿಬೆಲ್ ಬರೋವರೆಗೆ ಗೇನ್ ತಿರುಗಿಸಿ, ಆಮೇಲೆ ಇದನ್ನ ಆಫ್ ಮಾಡಿ ಇನ್ನೊಂದಕ್ಕೂ ಅದೇ 70. ಫೋನ್ ಮೈಕ್‌ಗೆ ಬೇಸ್ ಪೂರ್ತಿ ಸರಿಯಾಗಿ ಅಳೆಯೋಕೆ ಬರಲ್ಲ, ಆದ್ರೆ ಒಂದನ್ನ ಇನ್ನೊಂದರ ಜೊತೆ ಹೋಲಿಸೋಕೆ ಸಾಕು. ಈಗ ಎರಡೂ ಆನ್ ಮಾಡ್ರಿ. ಮೀಟರ್ 73ರಿಂದ 76ರ ಒಳಗೆ ಏರ್ಬೇಕು. ಏರೋ ಬದಲು 70ಕ್ಕಿಂತ ಕೆಳಗೆ ಇಳೀತು ಅಂದ್ರೆ ಒಂದು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೀತಾ ಇದೆ ಅಂತ ಅರ್ಥ, ಒಂದರ ಫೇಸ್ ಸ್ವಿಚ್ ಮಾತ್ರ 0ಯಿಂದ 180ಕ್ಕೆ ಹಾಕಿ ನೋಡ್ರಿ, ಯಾವುದರಲ್ಲಿ ಜೋರು ಬರುತ್ತೋ ಅದೇ ಸರಿ. ಈ ಸ್ವಿಚ್ ಮುಟ್ಟದೇ ಬಿಟ್ಟು ಸಬ್‌ಗೇ ಬೈಯೋರು ಬಹಳ ಜನ. ಎರಡೂ ಒಂದೇ ಕಂಪನಿ ಒಂದೇ ಮಾಡೆಲ್ ಇದ್ರೆ ಈ ಕೆಲಸ ಅರ್ಧ ಕಮ್ಮಿ, ನನ್ನ ಕೇಳಿದ್ರೆ 12 ಇಂಚಿನದೊಂದು 8 ಇಂಚಿನದೊಂದು ಜೋಡಿ ಮಾಡೋಕೆ ಹೋಗಲೇಬೇಡಿ.

ರಿಸೀವರ್ ಮೆನುನಲ್ಲಿ ಸ್ಪೀಕರ್‌ಗಳು ಸ್ಮಾಲ್ (ಬೇಸ್ ಸಬ್‌ಗೆ ಬಿಡಿ ಅಂತ), ಕ್ರಾಸ್‌ಓವರ್ 80 ಹರ್ಟ್ಜ್, ಎಲ್‌ಎಫ್‌ಇ 120. ಅಷ್ಟೇ.

ಕೊನೆಗೆ ಆಟೋ ಸೆಟಪ್, ಅಂದ್ರೆ ರಿಸೀವರ್ ಮೈಕ್‌ನಲ್ಲಿ ಕೇಳಿ ತಾನೇ ಸೌಂಡ್ ಸರಿಮಾಡ್ಕೊಳ್ಳೋದು. ಡೆನಾನ್‌ನಲ್ಲಿ ಆಡಿಸ್ಸಿ, ಯಮಹಾದಲ್ಲಿ ವೈಪಾವೊ ಅಂತಾರೆ, ಹೆಸರು ಬೇರೆ ಕೆಲಸ ಒಂದೇ. ಮೈಕನ್ನ ಸೋಫಾ ದಿಂಬಿನ ಮೇಲೆ ಇಡ್ಬೇಡಿ, ಟ್ರೈಪಾಡ್ ಮೇಲೆ ಕಿವಿ ಎತ್ತರಕ್ಕೆ ಇಡಿ, ಫ್ಯಾನ್ ಆಫ್ ಮಾಡ್ರಿ, ಏಪ್ರಿಲ್ ಬಿಸಿಲಲ್ಲೂ ಅಷ್ಟು ಹೊತ್ತು ತಡ್ಕೊಳ್ಳಿ, ಕುಕ್ಕರ್ ಸೀಟಿ ಹೊಡೆದ್ರೆ ಮತ್ತೆ ಮೊದಲಿಂದ ಮಾಡಿ. ಮುಗಿದ ಮೇಲೆ ಸಬ್ 10 ಅಡಿ ದೂರ ಇದ್ರೂ ಪರದೆಯಲ್ಲಿ 14 ಅಡಿ ಅಂತ ತೋರಿಸಬಹುದು, ಟೇಪ್ ಹಿಡಿದು ತಿದ್ದೋಕೆ ಹೋಗ್ಬೇಡಿ, ಸಬ್ ಒಳಗಿನ ಸರ್ಕ್ಯೂಟ್ ಮಾಡೋ ತಡಾನೂ ಸೇರಿಸಿಯೇ ಅದು ಲೆಕ್ಕ ಹಾಕಿರುತ್ತೆ. ಎರಡು ಪ್ರಿ-ಔಟ್ ಇದ್ರೂ ಕಮ್ಮಿ ರೇಟಿನ ಎಷ್ಟೋ ರಿಸೀವರ್ ಎರಡಕ್ಕೂ ಒಂದೇ ಸಿಗ್ನಲ್ ಕಳಿಸುತ್ತೆ, ಒಂದೊಂದಕ್ಕೆ ಬೇರೆ ಬೇರೆ ದೂರ ಹಾಕೋಕೆ ಬರಲ್ಲ, ಅದಕ್ಕೇ ಎರಡು ಸಬ್ಬೂ ಸೋಫಾದಿಂದ ಸಮ ದೂರದಲ್ಲಿದ್ರೆ ಒಳ್ಳೇದು.

ಆಮೇಲೆ ಬೇಸ್ ಜಾಸ್ತಿ ಇರೋ ಒಂದು ಸೀನ್ ಹಾಕಿ ಹಾಲ್‌ನಲ್ಲಿ ಓಡಾಡಿ ನೋಡ್ರಿ. ಮಾವನ ಮನೆಯಲ್ಲಿ ಎಲ್ಲಾ ಸರಿ ಆದ್ಮೇಲೂ ಟರ್ ಟರ್ ಅಂತಿತ್ತು, ಹುಡುಕಿದ್ರೆ ಶೋಕೇಸಿನ ಸರಿಸೋ ಗಾಜು. ಗಾಜಿಗೂ ಚೌಕಟ್ಟಿಗೂ ನಡುವೆ ರಟ್ಟು ಮಡಚಿ ಸಿಗಿಸಿದ್ವಿ, ನಿಂತೋಯ್ತು.