ನಮ್ ರಸ್ತೆ ಮೂಲೆಗೆ ಚೈನ್ ರೆಸ್ಟೋರೆಂಟ್ ಬಂದಾಗ ನಾವು ಮಾಡಿದ್ದು (ನನ್ನ ಅನುಭವ)

ಮೊದಲೇ ಹೇಳಿಬಿಡ್ತೀನಿ, ರೆಸ್ಟೋರೆಂಟ್ ಬಂತು. ಓಡಿಸಿದ ಕತೆ ಕೇಳೋಣ ಅಂದ್ಕೊಂಡಿದ್ರೆ ನಿರಾಸೆ ಆಗುತ್ತೆ. ಆದ್ರೆ ಅವರು ಬರಬೇಕು ಅಂತ ಹೊರಟಿದ್ದ ಥರ ಮಾತ್ರ ಬರಲಿಲ್ಲ, ಅಷ್ಟಕ್ಕೇ ನಮಗೆ ಎಂಟು ತಿಂಗಳು ಹಿಡೀತು, ಅದರಲ್ಲಿ ಮೊದಲ ಮೂರು ತಿಂಗಳು ಶುದ್ಧ ದಂಡ, ಆ ದಂಡಕ್ಕೆ ಮುಖ್ಯ ಕಾರಣ ನಾನೇ.

ನಮ್ ರಸ್ತೆ ಮೂಲೇಲಿ ಖಾಲಿ ಬಿದ್ದಿದ್ದ ಅಂಗಡಿ ಶಟರ್ ಮೇಲೆ ಒಂದಿನ ನೋಟಿಸ್ ಅಂಟಿಸಿದ್ರು. ಎಲ್ಲರಿಗೂ ಗೊತ್ತಿರೋ ಚೈನು, ರಾತ್ರಿ ಒಂದು ಗಂಟೆ ತನಕ ತೆರೆದಿರುತ್ತೆ ಅಂತ. ಸಂಜೆ ಹೊತ್ತಿಗೆ ವಾಟ್ಸಾಪ್ ಗ್ರೂಪ್ ಹುಟ್ಕೊಳ್ತು, ಮಲಗೋ ಹೊತ್ತಿಗೆ ಮೆಸೇಜ್ ಓದಿ ಮುಗಿಸೋಕೇ ಆಗ್ತಿರಲಿಲ್ಲ, ಅಷ್ಟು ಸಿಟ್ಟು. ಬರೆಯೋಕೆ ಬರುತ್ತೆ ಅಂತ ಅರ್ಜಿ ಬರೆಯೋ ಕೆಲಸ ನನ್ನ ತಲೆಗೆ ಕಟ್ಟಿದ್ರು. ನಾನೂ ಹುಮ್ಮಸ್ಸಲ್ಲಿ ರಸ್ತೆಯ ಆತ್ಮ, ನೆರೆಹೊರೆಯ ಸೊಬಗು, ದೊಡ್ಡ ಕಂಪನಿಗಳ ದಬ್ಬಾಳಿಕೆ ಅಂತೆಲ್ಲ ಎರಡು ಪುಟ ಗೀಚಿದೆ, ಚಪ್ಪಾಳೆ ಇಮೋಜಿ ರಾಶಿ ಬಿತ್ತು, ಸಹಿ ಸಂಗ್ರಹ ಶುರುವಾಯ್ತು. ಹುಡುಗರು ಹುರುಪಿನಲ್ಲಿ ಪಕ್ಕದ ಏರಿಯಾ, ಆಫೀಸು, ಜಿಮ್ಮು ಎಲ್ಲಾ ಕಡೆ ಸಹಿ ಹಾಕಿಸ್ಕೊಂಡು ಬಂದ್ರು.

ಲೈಸೆನ್ಸ್ ಕೊಡೋ ಬಗ್ಗೆ ನಡೆದ ಹಿಯರಿಂಗ್‌ನಲ್ಲಿ ಅಧಿಕಾರಿ ಆ ಸಹಿ ಕಟ್ಟನ್ನ ಸುಮ್ನೆ ಹೆಬ್ಬೆರಳಲ್ಲಿ ಜರ್ ಅಂತ ಓಡಿಸಿ, "ಇದರಲ್ಲಿ ಈ ರಸ್ತೆಯವರು ಎಷ್ಟು ಜನ?" ಅಂದ್ರು. ನಾವು ಮುಖ ಮುಖ ನೋಡ್ಕೊಂಡ್ವಿ. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಇದೇ ಜಾಗದಲ್ಲಿ ನಿಮ್ಮ ಪರಿಚಯದವರೇ ಹೋಟೆಲ್ ಇಟ್ಟಿದ್ರೆ ಬೇಡ ಅಂತಿದ್ರಾ?" ಉತ್ತರ ಇರಲಿಲ್ಲ. ಹೆಚ್ಚಿನ ಕಡೆ ಕಾನೂನು ನೋಡೋದು ಕಟ್ಟಡದಲ್ಲಿ ಏನು ನಡೆಯುತ್ತೆ ಅನ್ನೋದನ್ನ, ಯಾರು ನಡೆಸ್ತಾರೆ ಅನ್ನೋದನ್ನಲ್ಲ. ಚೈನು ಅನ್ನೋದೇ ಕಾರಣ ಆಗೋದು ಅದಕ್ಕಂತಲೇ ನಿಯಮ ಇರೋ ಕಡೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2004ರಿಂದ ಅಂಥದ್ದಿದೆ, ಅಲ್ಲಿ ಬರೋ ಅಂಗಡಿಗೆ ಬೇರೆ ಕಡೆ ಆಗಲೇ 11 ಅಥವಾ ಜಾಸ್ತಿ ಶಾಖೆ ಇದ್ದು, ಒಂದೇ ಥರದ ಬೋರ್ಡು, ಅಲಂಕಾರ, ಯೂನಿಫಾರ್ಮು ಇದ್ರೆ ಅದನ್ನ ಬೇರೇನೇ ಲೆಕ್ಕಕ್ಕೆ ತಗೋತಾರೆ, 2006ರಲ್ಲಿ ಜನ ಓಟ್ ಹಾಕಿ ಅದನ್ನ ಇನ್ನೂ ಬಿಗಿ ಮಾಡಿದ್ರು. ನಮ್ಮಲ್ಲಿ ಅಂಥ ನಿಯಮಾನೇ ಇಲ್ಲ ಅನ್ನೋದನ್ನ ಅರ್ಜಿ ಬರೆಯೋಕೆ ಮುಂಚೆ ನಾನು ನೋಡಬೇಕಿತ್ತು, ನೋಡಲಿಲ್ಲ.

ಗ್ರೂಪಲ್ಲಿ ಒಬ್ರು ಆಗಾಗ "ರೋಮ್‌ನಲ್ಲಿ ಜನ ಹೋರಾಡಿಲ್ವಾ" ಅಂತ ಹಾಕ್ತಿದ್ರು. ಹೋರಾಡಿದ್ರು ಸರಿ, 1986ರಲ್ಲಿ ಅಲ್ಲಿನ ಸ್ಪ್ಯಾನಿಷ್ ಸ್ಟೆಪ್ಸ್ ಅನ್ನೋ ಹೆಸರಾಂತ ಮೆಟ್ಟಿಲುಗಳ ಹತ್ರ ಮೆಕ್‌ಡೊನಾಲ್ಡ್ಸ್ ಬಂದಾಗ ಆದ ಪ್ರತಿಭಟನೆಯಿಂದ ಕಾರ್ಲೋ ಪೆಟ್ರಿನಿ ಅವರ ಸ್ಲೋ ಫುಡ್ ಚಳವಳಿ (ಫಾಸ್ಟ್ ಫುಡ್ ಬದಲು ಊರಿನ ಅಡುಗೆ ಉಳಿಸೋಣ ಅನ್ನೋದು) ಬೆಳೀತು, ಆದ್ರೆ ಅಂಗಡಿ ತೆರೀತು. ಆಸ್ಟ್ರೇಲಿಯಾದ ಟೆಕೋಮಾದಲ್ಲಿ ಸ್ಥಳೀಯ ಕೌನ್ಸಿಲ್ಲೇ ಬೇಡ ಅಂದಿತ್ತು, ನ್ಯಾಯಮಂಡಳಿ ಆ ತೀರ್ಮಾನ ತಿರುಗಿಸ್ತು, 2014ರಲ್ಲಿ ಅಲ್ಲೂ ಅಂಗಡಿ ಓಪನ್. ಇದನ್ನ ಹೇಳಿದ್ದಕ್ಕೆ ನನ್ನನ್ನ ಎರಡು ದಿನ ಕಂಪನಿ ಏಜೆಂಟ್ ಅಂದ್ರು.

ದಾರಿ ತೋರಿಸಿದ್ದು ಎದುರು ಮನೆ ಅಂಕಲ್. ಅವರು ಮೂವತ್ತು ವರ್ಷ ದೊಡ್ಡ ದೊಡ್ಡ ಕಿಚನ್‌ಗಳಲ್ಲಿ ಕೆಲಸ ಮಾಡಿ ರಿಟೈರ್ ಆದವರು, ಗ್ರೂಪಲ್ಲಿ ಒಂದು ಮಾತೂ ಆಡಿರಲಿಲ್ಲ. ಕಂಪನಿ ಕೊಟ್ಟಿದ್ದ ಡ್ರಾಯಿಂಗ್ ಪ್ರಿಂಟ್ ತಗೊಂಡ್ ಹೋಗಿ ತೋರಿಸಿದೆ. ಊಟದ ಟೇಬಲ್ ಮೇಲೆ ಹರಡಿ, ಕನ್ನಡಕ ಹಣೆಗೆ ಏರಿಸಿ, ಪೆನ್ಸಿಲ್ ತಗೊಂಡು ಹಿಂಬದಿ ಗೋಡೇಲಿ ಒಂದು ಪುಟಾಣಿ ಚೌಕಕ್ಕೆ ಸುತ್ತು ಹಾಕಿದ್ರು. "ಇದು ಎಕ್ಸಾಸ್ಟ್ ಬಾಯಿ. ಇದರ ಎದುರುಗಡೆ ಯಾರ ಕಿಟಕಿ?" ಎರಡನೇ ಮಹಡಿ ನರ್ಸ್ ಮೇಡಂ ಬೆಡ್‌ರೂಮಿಂದು. ಮಧ್ಯೆ ನಾಲ್ಕು ಮೀಟರೂ ಇಲ್ಲ. ಅವರು ನೈಟ್ ಶಿಫ್ಟ್ ಮುಗಿಸಿ ಬಂದು ಹಗಲು ಮಲಗೋದು ಅಲ್ಲೇ. ಅಂಕಲ್ ಹೇಳಿದ್ದು, ಒಲೆ ಮೇಲಿನ ಹುಡ್‌ನ ಲೋಹದ ಫಿಲ್ಟರ್ ಹಿಡಿಯೋದು ಜಿಡ್ಡಿನ ಹನಿಗಳನ್ನ ಮಾತ್ರ, ವಾಸನೆ ಅದರಲ್ಲಿ ನಿಲ್ಲಲ್ಲ, ವಾಸನೆಗೆ ಕಾರ್ಬನ್ ಫಿಲ್ಟರ್ ಬೇಕು, ಅದನ್ನೂ ಟೈಮಿಗೆ ಬದಲಾಯಿಸ್ತಾ ಇರಬೇಕು, ಡಕ್ಟ್, ಅಂದ್ರೆ ಹೊಗೆ ಕೊಳವೆ, ಚಾವಣಿ ದಾಟಿ ಮೇಲಕ್ಕೆ ಊದಬೇಕು. ಇದರಲ್ಲಿ ಒಂದೂ ಡ್ರಾಯಿಂಗಲ್ಲಿ ಇರಲಿಲ್ಲ.

ಅವತ್ತೇ ನನ್ನ ಎರಡು ಪುಟದ ಅರ್ಜಿ ಕಸದ ಬುಟ್ಟಿಗೆ.

ಆಮೇಲೆ ಮಾಡಿದ ಕೆಲಸಗಳಲ್ಲಿ ನಿಜವಾಗ್ಲೂ ಫಲ ಕೊಟ್ಟಿದ್ದು ಒಂದು, ಅದೇ ಚೈನ್‌ನ ಇನ್ನೊಂದು ಶಾಖೆ ಎದುರು ಹೋಗಿ ಕೂತಿದ್ದು. ನಾನು, ನರ್ಸ್ ಮೇಡಂ ತಮ್ಮ, ಇನ್ನೊಬ್ಬ ಕಾಲೇಜ್ ಹುಡುಗ, ಸರದಿ ಮೇಲೆ ಬಸ್ ಸ್ಟಾಪಲ್ಲಿ ರೂಲ್ಡ್ ನೋಟ್‌ಬುಕ್ ಹಿಡ್ಕೊಂಡು ಎರಡು ವಾರ. ಒಂದು ಬೈಕ್ ಬಂದ್ರೆ ಒಂದು ಗೀಟು, ಐದಕ್ಕೊಂದು ಅಡ್ಡಗೀಟು. ಶುಕ್ರವಾರ ರಾತ್ರಿ ಎಂಟರಿಂದ ಒಂಬತ್ತರೊಳಗೆ 46 ಡೆಲಿವರಿ ಬೈಕು, ಕಂಪನಿ ಅರ್ಜೀಲಿ ಬರೆದಿದ್ದು "ಬಹುತೇಕ ಗ್ರಾಹಕರು ನಡೆದೇ ಬರುತ್ತಾರೆ". ಆ ಶಾಖೆ ಪಕ್ಕದ ಮನೆಯವರು ನಮ್ಮನ್ನ ಕರೆದು ನೀರು ಕೊಟ್ಟು, ಬೆಳಗಿನ ಜಾವ ಐದಕ್ಕೆ ಸಾಮಾನಿನ ಲಾರಿ ರಿವರ್ಸ್ ಹಾರ್ನ್ ಹೊಡ್ಕೊಂಡ್ ಬರುತ್ತೆ, ಚರಂಡಿ ಕಟ್ಕೊಳ್ಳುತ್ತೆ ಅಂತೆಲ್ಲ ಹೇಳಿದ್ರು. ಚರಂಡಿ ವಿಷ್ಯ ನಮ್ಮ ತಲೇಲೇ ಇರಲಿಲ್ಲ. ಬಿಸಿ ಇದ್ದಾಗ ಹರಿಯೋ ಎಣ್ಣೆ ಪೈಪಲ್ಲಿ ತಣ್ಣಗಾಗಿ ಗಟ್ಟಿಯಾಗುತ್ತೆ, ಲಂಡನ್‌ನ ವೈಟ್‌ಚಾಪೆಲ್‌ನಲ್ಲಿ 2017ರಲ್ಲಿ ಇಂಥ ಜಿಡ್ಡು, ವೆಟ್ ವೈಪ್ಸು ಸೇರಿ ಸುಮಾರು 250 ಮೀಟರ್ ಉದ್ದ, 130 ಟನ್ ತೂಕದ ಗಡ್ಡೆ ಸಿಕ್ಕಿತ್ತು. ಜಿಡ್ಡು ಚರಂಡಿಗೆ ಹೋಗೋಕೆ ಮುಂಚೆ ಹಿಡಿಯೋ ಗ್ರೀಸ್ ಟ್ರ್ಯಾಪ್ ಇಡೋದು ಅದಕ್ಕೇ, ಆದ್ರೆ ಇಟ್ಟು ಕ್ಲೀನ್ ಮಾಡದಿದ್ರೆ ಇದ್ದೂ ಇಲ್ಲದಂಗೆ.

ಸದ್ದು ಅಳೆಯೋದ್ರಲ್ಲಿ ಮಾತ್ರ ಎಡವಿದ್ವಿ. ಫೋನ್ ಆ್ಯಪಲ್ಲಿ ಅಳೆದ್ವಿ, ಒಂದೇ ಕಿಟಕೀಲಿ ಒಂದೇ ಹೊತ್ತಲ್ಲಿ ಎರಡು ಫೋನಿಗೆ ಎಂಟು ಡೆಸಿಬೆಲ್ ವ್ಯತ್ಯಾಸ. ಎಂಟೇ ತಾನೇ ಅನ್ನಬೇಡಿ, ಮೂರು ಡೆಸಿಬೆಲ್ ಏರಿದ್ರೆ ಶಬ್ದದ ಶಕ್ತಿ ದುಪ್ಪಟ್ಟು. ಆಮೇಲೆ ಒಬ್ರ ಹತ್ರ ಸರಿಯಾದ ಮೀಟರ್ ಕೇಳಿ ತಂದು, ರೆಸ್ಟೋರೆಂಟ್ ಬರೋಕೆ ಮುಂಚಿನ ರಾತ್ರಿ ಸದ್ದು ಬರೆದಿಟ್ವಿ. ಇದನ್ನ ಮೊದಲೇ ಮಾಡಬೇಕು, ಅಂಗಡಿ ತೆರೆದ ಮೇಲೆ "ಮುಂಚೆ ಇಷ್ಟಿರಲಿಲ್ಲ" ಅಂದ್ರೆ ಪುರಾವೆ ಎಲ್ಲಿಂದ ತರ್ತೀರಾ.

ಜಗಳಾನೂ ಆಯ್ತು ಬಿಡಿ. ನಮಗೆ ಪೋಸ್ಟರ್ ಪ್ರಿಂಟ್ ಹಾಕಿಸಿಕೊಟ್ಟಿದ್ದು ಅದೇ ರಸ್ತೆಯ ಸಣ್ಣ ಹೋಟೆಲ್‌ನವರು. ಎಕ್ಸಾಸ್ಟ್ ಚಾವಣಿ ಮೇಲೆ ಹೋಗಬೇಕು ಅಂತ ನಾವು ಬರೆದಾಗ ಕಂಪನಿ ಲಾಯರ್ ನಗ್ತಾ ಅವರ ಹೋಟೆಲ್ ಫೋಟೋ ಮುಂದಿಟ್ಟ, ಅವರ ಫ್ಯಾನು ನೇರ ಓಣಿಗೇ ಊದ್ತಿತ್ತು. ನಾವು ಅದನ್ನ ಸಮರ್ಥಿಸಲಿಲ್ಲ ಅಂತ ಅವರು ಇವತ್ತಿಗೂ ನನ್ನ ಜೊತೆ ಮಾತಾಡಲ್ಲ, ಅವರ ಬೇಜಾರೂ ನ್ಯಾಯವೇ. ಇನ್ನು ನಮ್ ಮನೇಲೇ ಇಬ್ಬರು ಚೈನು ಬರ್ಲಿ ಅಂತ ಕಾಯ್ತಿದ್ರು, ಅದು ಬೇರೆ ಕತೆ.

ಎರಡನೇ ಹಿಯರಿಂಗಿಗೆ ನಾವು ಹೋಗಿದ್ದು ನಾಲ್ಕೇ ಜನ. ಡ್ರಾಯಿಂಗು, ಗೀಟಿನ ನೋಟ್‌ಬುಕ್ಕು, ನರ್ಸ್ ಮೇಡಂ ಕಿಟಕಿಯಿಂದ ತೆಗೆದ ಫೋಟೋ, ಮತ್ತೆ ಬೇಕಾದ ಷರತ್ತುಗಳ ಒಂದು ಹಾಳೆ. "ಬೇಡ" ಅನ್ನೋ ಪದಾನೇ ಬಳಸಬಾರದು ಅಂತ ಮಾತಾಡ್ಕೊಂಡಿದ್ವಿ. ಅಧಿಕಾರಿ ನೋಟ್‌ಬುಕ್ ತಿರುವಿ ಹಾಕ್ತಾ ಶುಕ್ರವಾರದ ಪುಟದಲ್ಲಿ ನಿಂತು ಗೀಟುಗಳನ್ನ ಪೆನ್ನಿಂದ ತಾವೇ ಎಣಿಸಿದ್ರು. ಆಗ ಅನ್ನಿಸ್ತು, ಇವತ್ತು ಏನೋ ಆಗುತ್ತೆ ಅಂತ. ರಾತ್ರಿ ಹನ್ನೊಂದಕ್ಕೆ ಮುಚ್ಚೋದು, ಡಕ್ಟ್ ಚಾವಣಿ ಮೇಲಕ್ಕೆ, ಕಾರ್ಬನ್ ಫಿಲ್ಟರು, ಬೈಕು ಹಿತ್ತಲಲ್ಲಿ ನಿಲ್ಲೋದು, ಲಾರಿ ಬೆಳಗ್ಗೆ ಏಳರ ನಂತರ, ಗ್ರೀಸ್ ಟ್ರ್ಯಾಪ್ ಕ್ಲೀನ್ ಮಾಡಿದ ದಿನದ ಲೆಕ್ಕ ಇಡೋದು, ಎಲ್ಲಾ ಲೈಸೆನ್ಸ್ ಷರತ್ತಿಗೆ ಸೇರಿತು. ಬೋರ್ಡಿನ ಲೈಟು ಬಿಟ್ಟುಹೋಯ್ತು, ನಾವು ಬರೆದೇ ಇರಲಿಲ್ಲ. ಈಗ ಮೂಲೆ ಮನೆ ಅಜ್ಜಿ ಪರದೆ ಮೇಲೆ ಸಂಜೆಯಾದ್ರೆ ಕೆಂಪು ಬೆಳಕು.

ಷರತ್ತು ಸಿಕ್ಕಿದ್ರೆ ಮುಗೀತು ಅಂದ್ಕೊಂಡಿದ್ದೆ. ಮೂರನೇ ತಿಂಗಳಿಗೇ ವಾಸನೆ ಬಂತು, ನರ್ಸ್ ಮೇಡಂ ಫೋನ್ ಮಾಡಿದ್ರು, ಹೋಗಿ ಕೇಳಿದ್ರೆ ಮ್ಯಾನೇಜರ್ ಹುಡುಗಂಗೆ ಫಿಲ್ಟರ್ ಬದಲಾಯಿಸಬೇಕು ಅನ್ನೋದೇ ಗೊತ್ತಿಲ್ಲ, ಪಾಪ ಹೊಸಬ. ಷರತ್ತಿನ ಪ್ರತಿ ತೋರಿಸಿದೆ, ವಾರದೊಳಗೆ ಬದಲಾಯಿಸಿದ. ಈಗ ಫಿಲ್ಟರ್ ಪೆಟ್ಟಿಗೆ ಮೇಲೆ ತಾರೀಕಿನ ಸ್ಟಿಕ್ಕರ್ ಅಂಟಿಸ್ತಾರೆ, ನಾನು ತಿಂಗಳಿಗೊಂದ್ಸಲ ಹಿತ್ತಲಿಗೆ ಹೋಗಿ ಅದರ ಫೋಟೋ ತೆಗೆದು ಗ್ರೂಪಿಗೆ ಹಾಕ್ತೀನಿ. ಮೊದಲ ದಿನ ಅಷ್ಟೊಂದು ಮೆಸೇಜ್ ಹಾಕಿದ ಗ್ರೂಪಲ್ಲಿ ಆ ಫೋಟೋ ನೋಡೋದು ನರ್ಸ್ ಮೇಡಂ, ಅಂಕಲ್ ಇಬ್ರೇ.