ದೇವರ ಪಟಗಳ ಪ್ರದರ್ಶನ: ಎಳೆಯರ ಕೈಗೆ ಕೆಲಸ ಒಪ್ಪಿಸುವುದು ಹೇಗೆ

ಪ್ರದರ್ಶನ ಎಂದಕೂಡಲೇ ಮಕ್ಕಳಿಗೆ ಬ್ಯಾಡ್ಜ್ ಸಿಕ್ಕಿಸಿ ಬಾಗಿಲಲ್ಲಿ ನಿಲ್ಲಿಸುವುದು, ಚಹಾ ಹಂಚಿಸುವುದು ನಮ್ಮಲ್ಲಿ ರೂಢಿ. ಎರಡನೇ ದಿನಕ್ಕೆ ಅರ್ಧ ಮಂದಿ ಕಾಣೆಯಾಗುತ್ತಾರೆ. ಊರಿನ ಮ್ಯೂಸಿಯಂ ಅಥವಾ ಗ್ರಂಥಾಲಯದ ಸುತ್ತ ಸೇರುವ ಎಳೆಯರು ಉಳಿಯಬೇಕಾದರೆ ಪಟವನ್ನೇ ಅವರ ವಶಕ್ಕೆ ಕೊಡಬೇಕು. ಮನೆಯಿಂದ ತರುವುದು, ತೂಗಿಸುವುದು, ನೋಡುಗರಿಗೆ ವಿವರಿಸುವುದು, ಮರಳಿಸುವುದು ಎಲ್ಲವೂ ಅವರದೇ.

ಕಾಸರಗೋಡಿನಲ್ಲಿ ಇದಕ್ಕೆ ಒಳ್ಳೆಯ ವಸ್ತು ಹಳೆಯ ದೇವರ ಪಟಗಳು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಮುದ್ರಣಾಲಯದ ಲಕ್ಷ್ಮಿ, ಸರಸ್ವತಿಯರು ಹಳೆಮನೆಗಳ ಚಾವಡಿಯಲ್ಲಿ ಇನ್ನೂ ಸಿಗುತ್ತಾರೆ. 24 ಪಟ, 12 ಮಂದಿ, 10 ದಿನ: ಮೊದಲ ಸಲಕ್ಕೆ ಇಷ್ಟು ಸಾಕು. ಇಬ್ಬಿಬ್ಬರ ಜೋಡಿಗೆ ನಾಲ್ಕು ಪಟ. ಜೋಡಿ ಮಾಡುವಾಗ ಒಬ್ಬರಿಗೆ ಕನ್ನಡ–ತುಳು ಇದ್ದರೆ ಇನ್ನೊಬ್ಬರಿಗೆ ಮಲಯಾಳ ಸರಾಗವಾಗಿ ಬರಲಿ. ಹದಿನೆಂಟು ತುಂಬದವರ ಮನೆಯವರಿಂದ ಒಪ್ಪಿಗೆ ಪತ್ರ ಬೇಕು. ಸಂಜೆ ಎಷ್ಟು ಗಂಟೆಯ ಬಸ್ಸಿಗೆ ಬಿಡುತ್ತೀರಿ ಎಂಬುದನ್ನೂ ಅದರಲ್ಲೇ ಬರೆಯಿರಿ. ಮಳೆಗಾಲ ಬೇಡ, ತೇವಕ್ಕೆ ಕಾಗದ ಉಬ್ಬುತ್ತದೆ. ಮಾರ್ಚ್ ಪರೀಕ್ಷೆಯ ತಿಂಗಳು. ಜನವರಿ ಕೊನೆ, ಫೆಬ್ರವರಿ ಮೊದಲು ಹದವಾದ ಕಾಲ.

ಹೆಚ್ಚು ಎಚ್ಚರ ಬೇಕಾದದ್ದು ಪಟ ಪಡೆಯುವಾಗ. ಮನೆಯವರ ಎದುರೇ ಮುಂಭಾಗ, ಹಿಂಭಾಗ, ನಾಲ್ಕು ಮೂಲೆಗಳ ಫೋಟೋ ತೆಗೆಯಿರಿ. ಅಗಲ–ಎತ್ತರ, ಕೆಳಅಂಚಿನ ಅಕ್ಷರ, ಹಳದಿ ಕಲೆ, ಹುಳ ತಿಂದ ತೂತು, ಗಾಜಿನ ಬಿರುಕು ಎಲ್ಲವನ್ನೂ ಎರಡು ಪ್ರತಿಯಲ್ಲಿ ಬರೆದು, ಮರಳಿಸುವ ದಿನ ನಮೂದಿಸಿ, ಎರಡೂ ಕಡೆಯವರ ಸಹಿ ಹಾಕಿಸಿ. ಈ ಚೀಟಿ ಇಲ್ಲದಿದ್ದರೆ ಮೊದಲೇ ಇದ್ದ ಬಿರುಕೂ ನಿಮ್ಮ ತಲೆಗೇ ಬರುತ್ತದೆ. "ಇದಕ್ಕೆ ಎಷ್ಟು ಬೆಲೆ ಬಂದೀತು?" ಎಂದು ಕೇಳಿದರೆ ಅಂದಾಜು ಹೇಳಬೇಡಿ. ಅಂಚಿನಲ್ಲಿ ರವಿವರ್ಮ ಪ್ರೆಸ್ ಎಂದಿದ್ದ ಮಾತ್ರಕ್ಕೆ ಮೂಲಚಿತ್ರ ಅವರದೇ ಆಗಿರಬೇಕೆಂದಿಲ್ಲ. ಆ ಮುದ್ರಣಾಲಯ ಬೇರೆಯವರ ಚಿತ್ರಗಳನ್ನೂ ಅಚ್ಚು ಹಾಕಿತ್ತು.

ಚೌಕಟ್ಟು ಬಿಚ್ಚಲೇಬೇಡಿ. ಎಷ್ಟೋ ಮಳೆಗಾಲ ಕಂಡ ಕಾಗದ ಗಾಜಿಗೆ ಅಂಟಿರುತ್ತದೆ, ಎಳೆದರೆ ದೇವಿಯ ಮುಖವೇ ಕಿತ್ತು ಬರುತ್ತದೆ. ಗಾಜನ್ನು ಒಣಬಟ್ಟೆಯಿಂದ ಒರೆಸಿ ಸಾಕು. ನೀರು ಚಿಮುಕಿಸಿದರೆ ಅದು ಅಂಚಿನಿಂದ ಒಳಗೆ ಇಳಿಯುತ್ತದೆ. ಕೆಲವು ಪಟಗಳಲ್ಲಿ ಸೀರೆಗೆ ಜರಿ, ಮಿಣುಕು ಅಂಟಿಸಿದ್ದುಂಟು. ಅಂಥವನ್ನು ಬೋರಲು ಹಾಕಬಾರದು. ಸಾಗಿಸುವಾಗ ಗಾಜಿಗೆ ಮಾತ್ರ ಅಡ್ಡಡ್ಡ ಕಾಗದದ ಟೇಪ್ ಹಚ್ಚಿ ಅದೇ ದಿನ ತೆಗೆಯಿರಿ. ಚೌಕಟ್ಟಿಗೆ ಹಚ್ಚಿದರೆ ಬಣ್ಣ ಎದ್ದು ಬರುತ್ತದೆ. ವಾಹನದಲ್ಲಿ ಮಲಗಿಸದೆ ನಿಲ್ಲಿಸಿ, ನಡುವೆ ದಪ್ಪ ರಟ್ಟು ಇಡಿ. ಎತ್ತುವಾಗ ಎರಡೂ ಬದಿ ಹಿಡಿಯಬೇಕು. ಮೇಲಿನ ಪಟ್ಟಿ ಹಿಡಿದು ಎತ್ತಿದರೆ ಹಳೆಯ ಮೂಲೆಮೊಳೆ ಕಳಚಿ ಗಾಜು ಕಾಲಿಗೆ ಬೀಳುತ್ತದೆ.

ತೂಗಿಸಲು ಮುರಕಲ್ಲಿನ ಗೋಡೆಯನ್ನು ನಂಬಬೇಡಿ. ಗಾರೆಯ ಹಿಂದಿನ ಕಲ್ಲು ತೂತುತೂತು, ಮೊಳೆ ಹೊಡೆದಂತೆ ಪುಡಿಯಾಗುತ್ತದೆ. 8×4 ಅಡಿಯ ಪ್ಲೈವುಡ್ ಹಲಗೆಯನ್ನು ಅಡ್ಡವಾಗಿ 3 ಅಡಿಯ ಕಾಲುಗಳ ಮೇಲೆ ಕೂರಿಸಿ, ಬುಡಕ್ಕೆ ಮರಳುಚೀಲ ಹೇರಿ. ಒಂದು ಹಲಗೆಗೆ ಮೂರೇ ಪಟ. ತುಕ್ಕು ಹಿಡಿದ ಹಳೆಯ ಬಳೆ, ತಂತಿಗಳನ್ನು ನಂಬದೆ ಹೊಸ ನೈಲಾನ್ ಹಗ್ಗ, ಎರಡು ಕೊಕ್ಕೆ ಬಳಸಿ. ಪಟದ ನಡು ನೆಲದಿಂದ 57 ಇಂಚಿನಲ್ಲಿರಲಿ. ಲೆಕ್ಕ ಹೀಗೆ: 57ಕ್ಕೆ ಚೌಕಟ್ಟಿನ ಎತ್ತರದ ಅರ್ಧ ಕೂಡಿಸಿ, ಎಳೆದ ಹಗ್ಗದಿಂದ ಚೌಕಟ್ಟಿನ ಮೇಲಂಚಿಗೆ ಇರುವ ಅಂತರ ಕಳೆಯಿರಿ. 24 ಇಂಚಿನ ಚೌಕಟ್ಟು, 3 ಇಂಚಿನ ಅಂತರವಾದರೆ ಕೊಕ್ಕೆ 66 ಇಂಚಿನಲ್ಲಿ. ಕಣ್ಣಳತೆಯಲ್ಲಿ ಹೊಡೆದ ಸಾಲು ಖಂಡಿತ ಓರೆಯಾಗುತ್ತದೆ.

ಮುದ್ರಿತ ಕಾಗದಕ್ಕೆ 50 ಲಕ್ಸ್ (ಬೀಳುವ ಬೆಳಕಿನ ಅಳತೆ) ಬೆಳಕು ಸಾಕು. ದಿನಕ್ಕೆ 8 ಗಂಟೆಯಂತೆ ಹತ್ತು ದಿನಕ್ಕೆ ಆಗುವುದು 4,000 ಲಕ್ಸ್-ಗಂಟೆ. ಕಿಟಕಿಯ ಪಕ್ಕ 2,000 ಲಕ್ಸ್ ಬೀಳುವಲ್ಲಿ ಎರಡೇ ಗಂಟೆಗೆ ಅಷ್ಟೂ ಮುಗಿಯುತ್ತದೆ, ಮಾಸಿದ ಬಣ್ಣ ಮತ್ತೆ ಬಾರದು. ಬೆಳಗ್ಗೆ, ಮಧ್ಯಾಹ್ನ, ಸಂಜೆ ಲಕ್ಸ್ ಮೀಟರಿನಲ್ಲಿ ಅಳೆದು ಬರೆಯುವ ಕೆಲಸ ಸಣ್ಣವರಿಗೆ ಕೊಡಿ, ಅವರಷ್ಟು ನಿಷ್ಠೆಯಿಂದ ದೊಡ್ಡವರು ಮಾಡುವುದಿಲ್ಲ.

ವಿವರಣೆಯ ಅಭ್ಯಾಸಕ್ಕೆ ಮೂರು ವಾರ ಬೇಕು. ಬಾಯಿಪಾಠ ಬೇಡ, ಗಟ್ಟಿ ಮಾಡಿದವರು ನಡುವೆ ಒಂದು ಪ್ರಶ್ನೆ ಬಂದರೆ ತಡವರಿಸುತ್ತಾರೆ. ನೋಡುಗರ ಒಂದು ಗುಂಪಿಗೆ 12 ಮಂದಿ, 20 ನಿಮಿಷ, ನಾಲ್ಕು ಪಟ ಮಾತ್ರ. ಮೊದಲು ಕೇಳಬೇಕು, ಆಮೇಲೆ ಹೇಳಬೇಕು. "ಅಜ್ಜಿ, ನಿಮ್ಮ ಮನೆಯಲ್ಲಿ ಇಂಥ ಪಟ ಎಲ್ಲಿತ್ತು?" ಎಂದರೆ ಅಜ್ಜಿಯೇ ಮುಂದಿನ ಹತ್ತು ನಿಮಿಷ ನಡೆಸಿಕೊಡುತ್ತಾರೆ.

ಎಲ್ಲರನ್ನೂ ಹಿಡಿದು ನಿಲ್ಲಿಸುವುದು ಭೂತಗನ್ನಡಿಯ ಮೇಜು. ಚೌಕಟ್ಟಿಲ್ಲದ, ಹರಿದ ಒಂದು ಹಳೆಯ ಮುದ್ರಣವನ್ನು ಪಾರದರ್ಶಕ ಹಾಳೆಯೊಳಗಿಟ್ಟು, ಪಕ್ಕದಲ್ಲಿ ಈ ವರ್ಷದ ಕ್ಯಾಲೆಂಡರಿನ ದೇವರನ್ನಿಡಿ. 10 ಪಟ್ಟಿನ ಗಾಜಿನಲ್ಲಿ ಹೊಸತರ ಚುಕ್ಕಿಗಳು ಸಾಲುಹಿಡಿದು ಕೂತಿರುತ್ತವೆ. ಹಳೆಯದರ ಚುಕ್ಕಿಗಳು ಕೈಯಲ್ಲಿ ಇಟ್ಟವು, ಎರಚಿದ ಹಾಗೆ ಕಾಣುತ್ತವೆ. ಹಳೆಯದು ಕಲ್ಲಚ್ಚು, ಕಲ್ಲಿನ ಮೇಲೆ ಚಿತ್ರ ಬರೆದು ಅದರಿಂದ ಒತ್ತಿದ್ದು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು, ಕಾಗದ ಪ್ರತಿ ಕಲ್ಲಿಗೂ ಒಮ್ಮೆ ಒತ್ತಿಸಿಕೊಂಡು ಬರಬೇಕು. ಕೂದಲೆಳೆಯಷ್ಟು ಜಾರಿದರೂ ತುಟಿಯ ಕೆಂಪು ತುಟಿಯಾಚೆ ಹೋಗುತ್ತದೆ. ಅಂಥ ಜಾಗವನ್ನು ಮಕ್ಕಳು ಮೊದಲೇ ಹುಡುಕಿಟ್ಟುಕೊಳ್ಳಲಿ.

ದೇವರ ಪಟವಾದ್ದರಿಂದ ಕೈಮುಗಿಯುವವರು, ಕುಂಕುಮ ಹಚ್ಚಲು ಬರುವವರು ಇದ್ದೇ ಇರುತ್ತಾರೆ. ಗದರಿಸಬಾರದು. ಹಲಗೆಯಿಂದ ಎರಡೂವರೆ ಅಡಿ ದೂರಕ್ಕೆ ಹಗ್ಗ ಕಟ್ಟಿ, ಹೂವಿಗೆ ಬಾಗಿಲ ಬಳಿ ಒಂದು ಹರಿವಾಣ ಇಡಿ. ಉದ್ಘಾಟನೆಯ ದೀಪ ಹೊರಗಿನ ಜಗಲಿಯಲ್ಲಿ ಉರಿಯಲಿ, ಒಳಗೆ ಎಣ್ಣೆ, ಹೊಗೆ, ಊದುಬತ್ತಿ ಯಾವುದೂ ಬೇಡ. ಒಬ್ಬೊಬ್ಬರ ಪಾಳಿ ಎರಡು ಗಂಟೆ ಮೀರದಿರಲಿ, ಕರೆಂಟು ಹೋದಾಗಕ್ಕೆ ಪ್ರತಿ ಜೋಡಿಯ ಬಳಿ ಟಾರ್ಚ್ ಇರಲಿ.

ಮುಗಿದ ಮರುದಿನವೇ ಮರಳಿಸಿ. ತಂದ ಜೋಡಿಯೇ ಹೋಗಿ, ಹಳೆಯ ಫೋಟೋ ಜೊತೆ ಒಂದೊಂದು ಮೂಲೆಯನ್ನೂ ತಾಳೆ ನೋಡಿ, ಚೀಟಿಗೆ ಸಹಿ ಪಡೆದು, ಪಟವನ್ನು ಅದೇ ಚಾವಡಿಯ ಅದೇ ಜಾಗದಲ್ಲಿ ಹೊಸ ಹಗ್ಗದಿಂದ ತೂಗಿಸಿ ಬರಲಿ.