ಮದುವೆ, ಆಸೆ, ಸಾವು: ನಗಿಸುವ ಕಥೆ ಬರೆಯಲು ಆಟಿ ತಿಂಗಳು ಸಾಕು

ಮದುವೆ, ಆಸೆ, ಸಾವು ಮೂರೂ ಒಂದೇ ಸಣ್ಣ ಕಥೆಯಲ್ಲಿ ಬರಬೇಕು, ಓದಿದವರು ನಗಲೂ ಬೇಕು ಅಂತಿದ್ದರೆ ಕಥೆಯನ್ನು ಆಟಿಯಲ್ಲಿ ಶುರು ಮಾಡಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ, ಜಡಿಮಳೆಯ ಹೊತ್ತು. ನಮ್ಮ ಉಡುಪಿ, ಮಂಗಳೂರು ಕಡೆ ಹೊಸದಾಗಿ ಮದುವೆಯಾದ ಹುಡುಗಿ ಆಗ ತವರಿಗೆ ಹೋಗುತ್ತಾಳೆ. ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುವುದೂ ಅದೇ ತಿಂಗಳು. ಮದುವೆಯಾಗಿ ಎರಡು ತಿಂಗಳಾದ ಗಂಡಿಗೆ ಮನೆಯಲ್ಲಿ ಹೆಂಡತಿ ಇಲ್ಲ, ಸತ್ತ ಅಜ್ಜ ಮಾತ್ರ ಊಟಕ್ಕೆ ಬರುತ್ತಾನೆ.

ಮದುವೆಯಾಗದೆ ಸತ್ತವರಿಗೆ ಮದುವೆ ಮಾಡುವ ಪದ್ಧತಿಯೂ ನಮ್ಮಲ್ಲಿ ಉಂಟು. 2024ರಲ್ಲಿ ಪುತ್ತೂರು ಕಡೆಯ ಒಂದು ಕುಟುಂಬ, ಸುಮಾರು 30 ವರ್ಷದ ಹಿಂದೆ ತೀರಿಕೊಂಡ ಮಗಳಿಗೆ ವರ ಬೇಕು ಅಂತ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತ್ತು. ಜಾತಿ ನೋಡುತ್ತಾರೆ, ಬರಿ (ಗೋತ್ರದ ಹಾಗೆ ತುಳುವರ ವಂಶದ ಗುರುತು) ನೋಡುತ್ತಾರೆ, ಸೀರೆ ತರುತ್ತಾರೆ. ಇದನ್ನು ಬರೆಯುವಾಗ ದಯವಿಟ್ಟು ಆ ತಾಯಿ ತಂದೆಯನ್ನು ನೋಡಿ ನಗಬೇಡಿ. ಅವರಿಗೆ ಅದು ಮಗಳ ಮದುವೆ, ಅಷ್ಟೇ. ಸೀರೆಗೆ ಯಾವ ಬಣ್ಣ ಅಂತ ಅತ್ತೆ, ಚಿಕ್ಕಮ್ಮ ಜಗಳ ಮಾಡಲಿ, ಊಟಕ್ಕೆ ಎಷ್ಟು ಜನ ಅಂತ ಮಾವ ಮೂರು ಸಲ ಕೇಳಲಿ. ನಗು ಅಲ್ಲಿಂದ ತಾನಾಗಿ ಬರುತ್ತದೆ, ಅದರ ಹಿಂದೆಯೇ ಗಂಟಲೂ ಕಟ್ಟುತ್ತದೆ.

ಸಾವಿನ ಬಗ್ಗೆ ದೊಡ್ಡ ಮಾತು ಬರೆಯಬೇಡಿ, ಸಣ್ಣ ಕೆಲಸ ಬರೆಯಿರಿ. ಎಪ್ಪತ್ತು ದಾಟಿದ ಅಜ್ಜಿಯೊಬ್ಬಳು ಗಂಡನಿಗೆ ಎಲೆ ಹಾಕುತ್ತಾಳೆ ಅಂತಿಟ್ಟುಕೊಳ್ಳಿ. ಬಂಗುಡೆ ಹುರಿದಿದ್ದಾಳೆ, ಪಕ್ಕದಲ್ಲಿ ಅವನ ಹಳೇ ಗ್ಲಾಸಿನಲ್ಲಿ ಸ್ವಲ್ಪ ಶೇಂದಿ. ಮಗಳು ರುಚಿ ನೋಡಿ, "ಎಂತಮ್ಮ, ಉಪ್ಪೇ ಇಲ್ಲ" ಅನ್ನುತ್ತಾಳೆ. "ಅವರಿಗೆ ಬಿಪಿ ಉಂಟಲ್ಲ ಮಾರಾಯ್ತಿ" ಅನ್ನುತ್ತಾಳೆ ಅಜ್ಜಿ. ಇಲ್ಲಿ ನಿಲ್ಲಿಸಿ. ಅಜ್ಜಿಗೆ ಗಂಡನ ಮೇಲೆ ಎಷ್ಟು ಪ್ರೀತಿ ಅಂತ ಮುಂದಿನ ಸಾಲಿನಲ್ಲಿ ವಿವರಿಸಿದರೆ ಕಥೆ ಅಲ್ಲೇ ಸತ್ತಿತು.

ಆಸೆಯನ್ನೂ ಹಾಗೆಯೇ. ಹಾಸಿಗೆಯ ದೃಶ್ಯ ಬೇಡ ಅಂತ ನಾನು ಹೇಳುತ್ತಿಲ್ಲ, ಆದರೆ ಅಡ್ಡಿ ಇದ್ದಾಗಲೇ ಆಸೆ ಜಾಸ್ತಿ ಕಾಣುವುದು ಅಲ್ವಾ? ಅಮ್ಮ ಮಾಡಿದ ಪತ್ರೊಡೆ ಕೊಟ್ಟು ಬರುತ್ತೇನೆ ಅಂತ ನೆಪ ಹೇಳಿ, ಹೆಂಡತಿ ತವರಿಗೆ ಹೋದ ಆ ಹುಡುಗ ಮಳೆಯಲ್ಲಿ ಬೈಕ್ ಹತ್ತಲಿ. ಹೆಂಡತಿಯ ಮನೆ ತಲುಪುವಾಗ ಪೂರ್ತಿ ಒದ್ದೆ. ಅತ್ತೆ ಟವೆಲ್ ಕೊಡಲಿ, ಸತ್ತುಹೋದ ಮಾವನ ಪಂಚೆ ಕೊಡಲಿ, ಚಾವಡಿಯಲ್ಲಿ ಭಾವನ ಪಕ್ಕ ಚಾಪೆ ಹಾಸಲಿ. ಒಳಗಿನ ಕೋಣೆಯಲ್ಲಿ ಅವಳ ಬಳೆ ಸದ್ದು. ಇವನ ಸೊಂಟದಲ್ಲಿ ಸತ್ತವನ ಪಂಚೆ. ಮೂರೂ ವಿಷಯ ಒಂದೇ ರಾತ್ರಿಗೆ ಬಂದು ಕೂತವು, ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಮಾತು ಕಲಿಯಬೇಕಾದರೆ ಬೊಜ್ಜದ ಊಟಕ್ಕೆ, ಅಂದರೆ ಸತ್ತವರ ಉತ್ತರಕ್ರಿಯೆಯ ಊಟಕ್ಕೆ ಹೋಗಿ ಪಂಕ್ತಿಯಲ್ಲಿ ಸುಮ್ನೆ ಕೂತು ಕೇಳಿ. ಪಾಯಸ ಬರುವಷ್ಟರಲ್ಲಿ ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ ಅನ್ನುವ ಮಾತು ಶುರುವಾಗಿರುತ್ತದೆ. ಕೇಳಿದ್ದನ್ನು ಮನೆಗೆ ಬಂದು ಅದೇ ದಿನ ಬರೆದಿಡಿ. ಹೆಸರು, ಊರು, ಮನೆ ಮಾತ್ರ ಬದಲಾಯಿಸಿ, ಯಾಕೆಂದರೆ ಮುಂದಿನ ಬೊಜ್ಜದಲ್ಲೂ ಅದೇ ಜನರ ಪಕ್ಕ ಕೂರಬೇಕು.